ಕಾಯುವ ಮೊದಲು ತಿಳಿಯಬೇಕಾದುದು: ನಾಯಿ ಬೆಕ್ಕುಗಳ ಶ್ವಾಸರೋಗ ಚಿಕಿತ್ಸೆಯ ಒಂದು ಮಾರ್ಗಸೂಚಿಯ ವಿಮರ್ಶೆ

ನಾಯಿ ಬೆಕ್ಕುಗಳ ಶ್ವಾಸಮಾರ್ಗದ ರೋಗಗಳಲ್ಲಿ ಪ್ರತಿಜೀವಕ ಔಷಧಗಳನ್ನು ಯಾವಾಗ, ಎಷ್ಟು ದಿನ, ಯಾವ ಕ್ರಮದಲ್ಲಿ ಕೊಡಬೇಕೆಂಬುದನ್ನು ಕುರಿತು, ಸಾಕುಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಅಂತರರಾಷ್ಟ್ರೀಯ ಸಂಘದ ತಜ್ಞಮಂಡಲಿಯು 2017ರಲ್ಲಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಪಶುವೈದ್ಯವನ್ನು ಬೋಧಿಸುವವರೂ ಅಭ್ಯಸಿಸುವವರೂ ಅವಶ್ಯವಾಗಿ ಓದತಕ್ಕ ಬರಹವಿದು. ಆದರೆ ಇದನ್ನು ಪ್ರಮಾಣವೆಂದು ಸ್ವೀಕರಿಸುವ ಮೊದಲು ಇದರ ಗುಣವನ್ನೂ ಮಿತಿಯನ್ನೂ ತೂಗಿನೋಡುವುದು ಯುಕ್ತ.

ಗುಣವನ್ನು ಮೊದಲು ಹೇಳೋಣ. ಒಂದೆಡೆ ಗುಂಪಾಗಿರುವ ನಾಯಿಗಳಿಗೆ ಹಠಾತ್ತಾಗಿ ಅಂಟುವ ಕೆಮ್ಮಿಗೆ ಎಷ್ಟೋ ವೇಳೆ ವೈರಸ್ಸುಗಳು ಕಾರಣ. ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯವು ಅವುಗಳೊಡನೆ ಸೇರುವುದೂ ಉಂಟು. ಬಹುಪಾಲು ನಾಯಿಗಳು ಪ್ರತಿಜೀವಕವಿಲ್ಲದೆಯೇ ಗುಣ ಹೊಂದುತ್ತವೆ. ಆದಕಾರಣ ಉಂಡು ಓಡಾಡಿಕೊಂಡಿರುವ ನಾಯಿಯನ್ನು 10 ದಿನಗಳವರೆಗೆ ಗಮನಿಸುತ್ತ ಕಾಯಬೇಕೆಂದೂ, ಕೀವುಗೂಡಿದ ಸ್ರಾವದೊಡನೆ ಜ್ವರ, ಮಂಕು ಅಥವಾ ಅರುಚಿ ಕಾಣಿಸಿಕೊಂಡರೆ ಮಾತ್ರ ಪ್ರತಿಜೀವಕವನ್ನು ಯೋಚಿಸಬೇಕೆಂದೂ, ಆಗಲೂ ಮೊದಲ ಆಯ್ಕೆಯಾಗಿ ಡಾಕ್ಸಿಸೈಕ್ಲಿನ್ನನ್ನು 7ರಿಂದ 10 ದಿನ ಕೊಡಬೇಕೆಂದೂ ಮಂಡಲಿ ಸೂಚಿಸುತ್ತದೆ. ಬೆಕ್ಕಿನ ನೆಗಡಿಯಲ್ಲಿಯೂ ಕಾಯುವ ತತ್ತ್ವ ಇದೇ. ಕೆಮ್ಮಿದ ಪ್ರಾಣಿಗೆಲ್ಲ ಪ್ರತಿಜೀವಕ ಕೊಡುವ ಅಭ್ಯಾಸವು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಹೆಚ್ಚಲು ಎಡೆಮಾಡುತ್ತದೆ. ಆ ಔಷಧಗಳಲ್ಲಿ ಅನೇಕವು ಮನುಷ್ಯರಿಗೂ ಬೇಕಾದವು. ತನ್ನ ಹಲವು ಸಲಹೆಗಳಿಗೆ ಪ್ರಯೋಗದ ಆಧಾರ ಸಾಲದೆ ತಜ್ಞರ ಅಭಿಪ್ರಾಯವನ್ನೇ ನೆಚ್ಚಬೇಕಾಯಿತೆಂಬುದನ್ನು ಮಂಡಲಿಯು ಮರೆಮಾಚಿಲ್ಲ. ಇದೂ ಪ್ರಶಂಸಾರ್ಹ.

ಇನ್ನು ಮಿತಿ. ಮಾರ್ಗಸೂಚಿಯ ವಿಚಾರಸರಣಿ ಸೋಂಕಿನಿಂದ ಮೊದಲಾಗುತ್ತದೆ. ಚಿಕಿತ್ಸಾಲಯಕ್ಕೆ ಬರುವ ಪ್ರಾಣಿಯಲ್ಲಾದರೋ ಕಾಣುವುದು ಕೆಮ್ಮು, ಏದುಸಿರು. ಅದಕ್ಕೆ ಸೋಂಕೇ ಕಾರಣವೆಂಬುದು ಇನ್ನೂ ತೀರ್ಮಾನವಾಗಬೇಕಾದ ಮಾತು. ಅನ್ಯ ಕಾರಣಗಳನ್ನು ಪರಿಶೀಲಿಸಬೇಕೆಂದು ಬರಹವು ಹೇಳದೆ ಇಲ್ಲ. ಆದರೆ ಅದರ ವ್ಯಾಪ್ತಿಯಲ್ಲಿ ಆ ಪರಿಶೀಲನೆಗೆ ವಿಸ್ತಾರವಾದ ಸ್ಥಳವಿಲ್ಲ. ಇದನ್ನು ಮರೆತು ‘10 ದಿನ ಕಾಯಿರಿ’ ಎಂಬುದೊಂದನ್ನೇ ವಿದ್ಯಾರ್ಥಿ ಕಂಠಪಾಠ ಮಾಡಿದರೆ ಅಪಾಯ ತಪ್ಪಿದ್ದಲ್ಲ.

ಪೊಮೆರೇನಿಯನ್ ಮೊದಲಾದ ಸಣ್ಣ ತಳಿಯ ನಾಯಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಬಲಗುಂದಿ ನಾಳವು ಚಪ್ಪಟೆಯಾಗುವುದುಂಟು. ಆಗಿನ ಕೆಮ್ಮು ಬಾತಿನ ಕೂಗನ್ನು ಹೋಲುತ್ತದೆ; ಮನೆಯವರು ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸುತ್ತಾರೆ. ಕೊರಳಿನ ಭಾಗ ಉಸಿರೆಳೆದಾಗಲೂ ಎದೆಯೊಳಗಿನ ಭಾಗ ಉಸಿರುಬಿಟ್ಟಾಗಲೂ ಕುಸಿಯುವುದರಿಂದ, ಒಂದೇ ಗಳಿಗೆಯಲ್ಲಿ ತೆಗೆದ ಕ್ಷ-ಕಿರಣ ಚಿತ್ರ ನಿರ್ದೋಷವಾಗಿ ಕಂಡೀತು. ಇಲ್ಲಿ ಪ್ರತಿಜೀವಕವೂ ವ್ಯರ್ಥ, 10 ದಿನಗಳ ನಿರೀಕ್ಷೆಯೂ ವ್ಯರ್ಥ. ಮೈ ಇಳಿಸುವುದು, ಕೊರಳಪಟ್ಟಿಯನ್ನು ತೆಗೆದು ಎದೆಪಟ್ಟಿಯನ್ನು ಕಟ್ಟುವುದು, ಕೆಮ್ಮನ್ನು ತಡೆಯುವುದು ಹೆಚ್ಚು ಪ್ರಯೋಜನಕರ.

ಬೆಕ್ಕಿನ ಗೂರಲು ರೋಗ ಇನ್ನೂ ಗಹನವಾದುದು. ಮೈ ಕುಗ್ಗಿಸಿ ಕೊರಳು ಚಾಚಿ ಕೆಮ್ಮುವ ಬೆಕ್ಕನ್ನು ಕಂಡವರು, ನುಂಗಿದ ಕೂದಲುಂಡೆಯನ್ನು ಕಾರಲು ಹೆಣಗುತ್ತಿದೆಯೆಂದುಕೊಳ್ಳುತ್ತಾರೆ. ಬಾಯಿ ತೆರೆದು ಉಸಿರಾಡುವ ಸ್ಥಿತಿಗೆ ಬಂದ ಬೆಕ್ಕಿಗೆ ಗಂಟೆಗಳೇ ಹೆಚ್ಚು. ಅದನ್ನು ಕ್ಷ-ಕಿರಣದ ಮೇಜಿನ ಮೇಲೆ ಬಲವಂತದಿಂದ ಒತ್ತಿಹಿಡಿಯುವುದೇ ಮರಣಕ್ಕೆ ಕಾರಣವಾಗಬಹುದು. ಮೊದಲು ಆಮ್ಲಜನಕ, ಶ್ವಾಸನಾಳವನ್ನು ಹಿಗ್ಗಿಸುವ ಔಷಧ, ಪರೀಕ್ಷೆ ಅನಂತರ.

ಪ್ರೆಡ್ನಿಸೊಲೋನಿನಿಂದ ಬೆಕ್ಕು ಚೇತರಿಸಿಕೊಂಡಿತು, ಆದ್ದರಿಂದ ಅದು ಗೂರಲೇ ಎಂಬ ತರ್ಕವೂ ನಿಲ್ಲುವುದಿಲ್ಲ. ಶ್ವಾಸಕೋಶದ ಹುಳು, ಹೃದಯದ ಹುಳು ಇವೂ ಅಂಥದೇ ಉರಿಯೂತವನ್ನು ಉಂಟುಮಾಡಬಲ್ಲವು. ಆ ಔಷಧವು ಯಾವ ಉರಿಯೂತವನ್ನಾದರೂ ಅಡಗಿಸೀತು. ಪ್ರತಿಜೀವಕ, ಪ್ರೆಡ್ನಿಸೊಲೋನ್, ಮೂತ್ರವರ್ಧಕಗಳನ್ನು ಒಟ್ಟಿಗೆ ಕೊಟ್ಟಾಗ ಪ್ರಾಣಿಯು ಗುಣ ಹೊಂದಿದರೂ ವೈದ್ಯನು ಕಲಿತದ್ದು ಏನೂ ಇಲ್ಲ.

ಅಂತರ್ದರ್ಶಕ ಯಂತ್ರವೂ ಪ್ರಯೋಗಾಲಯವೂ ಎಲ್ಲೆಡೆ ದೊರೆಯವೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ರೋಗದ ಸ್ಥಾನವನ್ನು ಊಹಿಸಲು ಕಣ್ಣು ಕಿವಿಗಳೇ ಬಹಳ ದೂರ ಒಯ್ಯುತ್ತವೆ. ಉಸಿರೆಳೆಯುವಾಗ ಸದ್ದೂ ಶ್ರಮವೂ ಹೆಚ್ಚಿದರೆ ಅಡಚಣೆಯು ಮೂಗು, ಧ್ವನಿಪೆಟ್ಟಿಗೆ, ಕೊರಳಿನ ನಾಳ ಇವುಗಳಲ್ಲಿರುವ ಸಂಭವ ಹೆಚ್ಚು. ಉಸಿರುಬಿಡುವಾಗ ಹೆಚ್ಚಿದರೆ ಎದೆಯೊಳಗಿನ ನಾಳಗಳಲ್ಲಿ. ಮುದಿ ಲ್ಯಾಬ್ರಡಾರ್ ನಾಯಿಯ ಬೊಗಳುವ ದನಿ ಬದಲಾಗಿ, ಬಿಸಿಲಿನಲ್ಲಿ ಉಸಿರು ಕರ್ಕಶವಾದರೆ ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವನ್ನು ಶಂಕಿಸಬೇಕು.

ಹೀಗಿರಲು, ಮಾರ್ಗಸೂಚಿಯನ್ನು ಬೋಧಿಸುವ ಅಧ್ಯಾಪಕರು ಅದಕ್ಕೆ ಒಂದು ಪೂರ್ವಪಾಠವನ್ನು ಸೇರಿಸುವುದು ಅವಶ್ಯ: ಪ್ರಾಣಿಗೆ ಈ ಗಳಿಗೆಯಲ್ಲಿ ಅಪಾಯವಿದೆಯೆ, ದೋಷ ಯಾವ ಎಡೆಯಲ್ಲಿದೆ, ಅದು ಸೋಂಕೆನ್ನಲು ಆಧಾರವೇನು? ಈ ಮೂರಕ್ಕೂ ಉತ್ತರ ದೊರೆತ ಬಳಿಕ ಕಾಯುವುದು ವಿವೇಕ. ದೊರೆಯುವ ಮುನ್ನ ಕಾಯುವುದು ಉಪೇಕ್ಷೆ.