ಬೆಲೆಯೋ, ಬೆಳೆಯೋ, ಬೇಳೆಯೋ?

ಒಂದು ವಸ್ತುವನ್ನು ಯಾರಿಗಾಗಿ ಮಾಡಿದ್ದಾರೆಂದು ತಿಳಿಯಲು ಅದರ ಜಾಹೀರಾತು ಓದಬೇಕಿಲ್ಲ. ನಾಲ್ಕು ದಿನ ಕೈಯಲ್ಲಿ ಹಿಡಿದರೆ ಅದೇ ಹೇಳುತ್ತದೆ. ಬೀಸುಕಲ್ಲಿನ ಗೂಟ ಹೆಂಗಸಿನ ಮುಷ್ಟಿಯ ಅಳತೆಗಿರುತ್ತದೆ. ನೋಕಿಯಾ ಕಂಪನಿಯ ಇ63 ಎಂಬ ಫೋನು ಯಾರ ಅಳತೆಯದು ಎಂಬುದು ಇಲ್ಲಿ ನನ್ನ ಪ್ರಶ್ನೆ.

ಇದು 2008ರಲ್ಲಿ ಪ್ರಕಟವಾದದ್ದು, ವ್ಯವಹಾರಸ್ಥರಿಗೆಂದೇ ಮಾಡಿದ 'ಇ' ಸರಣಿಯದು. ಕೆನಡಾದ ಬ್ಲ್ಯಾಕ್‌ಬೆರಿ ಫೋನುಗಳು ಹೆಬ್ಬೆರಳಿನಿಂದ ಪತ್ರ ಬರೆಯುವ ಚಾಳಿಯನ್ನು ಜಗತ್ತಿನ ಕಚೇರಿಗಳಿಗೆಲ್ಲ ಹಬ್ಬಿಸಿದ್ದ ಕಾಲ ಅದು. ನೋಕಿಯಾದ್ದೇ ಆದ, ಉಕ್ಕಿನ ಮೈಯ ಇ71 ದೊಡ್ಡ ಅಕ್ಕನಾದರೆ, ಪ್ಲಾಸ್ಟಿಕ್ ಮೈಯ ಇ63 ಅಗ್ಗದ ತಂಗಿ. ಜೇವರ್ಗಿಯ ನಮ್ಮ ಮನೆಗೆ ಬಂದದ್ದು ಈ ತಂಗಿ, ಅದೂ ತೊಗರಿ ಅಡತಿ ಅಂಗಡಿಯ ಲೆಕ್ಕಕ್ಕೆ. ಮನೆಯವರು ಹೊಸದು ತಂದ ಮೇಲೆ ಹಳೆಯದು ನನ್ನ ಪಾಲಿಗೆ ಬಂತು. ಇಂಥ ವಸ್ತುಗಳು ಹೆಂಗಸರ ಕೈಸೇರುವ ಮಾಮೂಲು ದಾರಿಯೇ ಅದು.

ಮೊದಲು ಒಳ್ಳೆಯ ಮಾತು ಹೇಳಬೇಕು. ತೂಕ 126 ಗ್ರಾಂ. ಮೇಲೆ ಚಿಕ್ಕ ಪರದೆ, ಕೆಳಗೆ ಸಾಲಾಗಿ ಗುಂಡಿಗಳು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಗೇ ತಿಳಿಯುತ್ತದೆ. ಒಂದು ಕಣ್ಣು ಹಾಲಿನ ಮೇಲಿಟ್ಟು ಸಂದೇಶ ಬರೆಯುವವಳಿಗೆ ಇದರ ಸುಖ ಗೊತ್ತು. ಗಾಜಿನ ಪರದೆಗೆ ಇಂದಿಗೂ ಅದು ಒಲಿದಿಲ್ಲ. ಅಕ್ಷರಗಳ ನಡುವೆ ಜಾಗ ಬಿಡುವ ಉದ್ದ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಬ್ಯಾಟರಿ ದೀಪ ಹತ್ತುತ್ತದೆ. ಕರೆಂಟು ಹೋದಾಗ ಕತ್ತಲಲ್ಲಿ ತಡಕಾಡದೆ ಸಿಗುವ ಗುಂಡಿ ಅದೊಂದೇ. ಅದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಇನ್ನು ಇದರ ದೊಡ್ಡ ಹೆಮ್ಮೆ, ಎರಡು ಮುಖಪುಟ. ಒಂದು ಕೆಲಸದ್ದು, ಇನ್ನೊಂದು ಸ್ವಂತದ್ದು. ಸಂಜೆಯಾದೊಡನೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬಹುದು. ಕಚೇರಿಗೆ ಬಾಗಿಲು ಹಾಕಿ ಮನೆಗೆ ಬಂದು ಕಾಲು ಚಾಚುವವರಿಗೆ ಸೊಗಸಾದ ಏರ್ಪಾಡು. ಆದರೆ ಅತ್ತೆಯವರ ಮಾತ್ರೆಯ ಹೊತ್ತು, ಸಂಘದ ಕಂತು, ಶಾಲೆಯ ಫೀಜು, ಹಾಲಿನ ಲೆಕ್ಕ ಇವುಗಳಲ್ಲಿ ಯಾವುದು ಕೆಲಸ, ಯಾವುದು ಸ್ವಂತ? ಎರಡೂ ಪುಟಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದು, ನಿಜ. ನಮ್ಮ ದಿನವನ್ನು ಹಾಗೆ ಎರಡು ಪಾಲು ಮಾಡುವುದು ಮಾತ್ರ ಆಗದು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅಕ್ಷರದ ಮಾತು. ಗುಂಡಿಗಳ ಮೇಲೆ ಅಚ್ಚಾಗಿದ್ದದ್ದು ಇಂಗ್ಲಿಷಿನ 26 ಅಕ್ಷರ. ಅವುಗಳಲ್ಲಿ ಕನ್ನಡ ಬರೆಯಹೊರಟವರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರು. ಜೇವರ್ಗಿಯಲ್ಲಿ ವ್ಯವಹಾರವೆಂದರೆ ತೊಗರಿ. 'ತೊಗರಿ' ಎಂದು ಬರೆದು ಮುಂದೆ ಬಿ, ಇ, ಎಲ್, ಇ ಎಂದು ಒತ್ತಿ 'ಹೇಗಿದೆ' ಎಂದು ಕೇಳಿ ನೋಡಿ. ಹೊಲದಲ್ಲಿರುವವಳು ಅದನ್ನು ಬೆಳೆ ಎಂದು ಓದುತ್ತಾಳೆ, ಅಂಗಡಿಯಲ್ಲಿರುವವನು ಬೆಲೆ ಎಂದು, ಅಡುಗೆಮನೆಯಲ್ಲಿರುವವಳು ಬೇಳೆ ಎಂದು. ಮೂವರಿಗೂ ಬದುಕು ಅದರ ಮೇಲೆಯೇ ನಿಂತಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಈ ಕೀಲಿಮಣೆಯ ಮೇಲೆ ಮಾತ್ರ ಅದರ ಬೇಳೆಗೆ ತನ್ನ ಹೆಸರೂ ಸ್ವಂತದ್ದಲ್ಲ. 17ನೇ ಶತಮಾನದಲ್ಲಿ 'ಅಖಂಡೇಶ್ವರ' ಎಂಬ ಅಂಕಿತದಲ್ಲಿ ವಚನ ಬರೆದ ಷಣ್ಮುಖ ಶಿವಯೋಗಿಗಳ ಊರು ನಮ್ಮದು. ಆ ಅಂಕಿತವನ್ನು ಈ ಗುಂಡಿಗಳಲ್ಲಿ ಬರೆದರೆ ಅದು ಡಕಾರವೋ, ದಕಾರವೋ ಎಂದು ಓದುವವರೇ ಊಹಿಸಿಕೊಳ್ಳಬೇಕು.

ಕನ್ನಡಕ್ಕೆ ಅಕ್ಷರ ಹೆಚ್ಚು, ಗುಂಡಿ ಕಡಿಮೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇದು ಒಪ್ಪುವ ಮಾತಲ್ಲ. ಅನಂತ ಸುಬ್ಬರಾಯರು ಕೀಲಿಮಣೆ ರೂಪಿಸಿದ ಕನ್ನಡ ಟೈಪ್‌ರೈಟರು ಸರ್ಕಾರಿ ಕಚೇರಿಗಳಲ್ಲಿ ದುಡಿದದ್ದು ಈ ಫೋನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಆಮೇಲೆ ದಕ್ಷಿಣ ಕನ್ನಡದ ಕೆ.ಪಿ. ರಾವ್ ಅವರು, ಇದೇ 26 ಇಂಗ್ಲಿಷ್ ಗುಂಡಿ ಮತ್ತು ಒಂದು ಶಿಫ್ಟ್ ಗುಂಡಿಯಲ್ಲಿ ಇಡೀ ಕನ್ನಡವನ್ನು ಕೂಡಿಸಿ ತೋರಿಸಿದರು. ಕರ್ನಾಟಕ ಸರ್ಕಾರವೂ ಆ ವಿನ್ಯಾಸವನ್ನು ಒಪ್ಪಿತು. ಅದರಲ್ಲಿ ಎಲ್ ಒತ್ತಿದರೆ ಲಕಾರ, ಶಿಫ್ಟ್ ಹಿಡಿದು ಒತ್ತಿದರೆ ಳಕಾರ. ಬೆಲೆ, ಬೆಳೆ, ಬೇಳೆ ಮೂರೂ ತಮ್ಮ ತಮ್ಮ ಮನೆಗೆ ಹೋಗುತ್ತವೆ. ಇ63ರಲ್ಲಿ ಶಿಫ್ಟ್ ಗುಂಡಿಯೂ ಇತ್ತು. ಗುಂಡಿಗಳ ಮೇಲೆ ಕನ್ನಡವನ್ನೂ ಅಚ್ಚು ಹಾಕಲು ಜಾಗದ ಕೊರತೆಯಿರಲಿಲ್ಲ, ನೆನಪಿನ ಕೊರತೆಯಿತ್ತು. ವ್ಯವಹಾರವೆಂದರೆ ಇಂಗ್ಲಿಷಿನಲ್ಲಿ ನಡೆಯುವುದು ಎಂದು ಮಾಡಿದವರು ನಂಬಿದ್ದರು.

ಗುಂಡಿಯ ಮೇಲಿನ ಅಚ್ಚು ಬದಲಾಗದು. ಗಾಜಿನ ಮೇಲಿನದು ಕ್ಷಣದಲ್ಲಿ ಬದಲಾಗುತ್ತದೆ. ಹೀಗೆ ಗಾಜು ನಮಗೆ ಕನ್ನಡ ಕೊಟ್ಟಿತು, ಬೆರಳಿನ ಭರವಸೆ ಕಸಿದುಕೊಂಡಿತು. ಇ63ರಂಥ ಫೋನುಗಳಿಗೆ ವಾಟ್ಸ್ಯಾಪ್ 2017ರ ಜೂನಿಗೆ ನಿಂತಿತು. ಹಳೆಯ ಬ್ಲ್ಯಾಕ್‌ಬೆರಿಗಳ ಸೇವೆ 2022ರ ಜನವರಿ 4ಕ್ಕೆ ಮುಗಿಯಿತು. ಇವುಗಳಲ್ಲಿ ಹೋದದ್ದೆಲ್ಲ ಹಾಳಲ್ಲ ಎಂದೇ ನನ್ನ ಅಭಿಪ್ರಾಯ. ಬೆರಳನ್ನು ಬಲ್ಲ ಯಂತ್ರ ನಾಲಿಗೆಯನ್ನೂ ಬಲ್ಲದ್ದಾಗಿದ್ದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಇನ್ನು ಮುಂದೆ ಯಾರಾದರೂ ಗುಂಡಿಯ ಫೋನನ್ನು ನಿಮ್ಮ ಮುಂದೆ ಇಟ್ಟರೆ, ಬಣ್ಣ, ದರ ಕೇಳುವ ಮೊದಲು ಒಮ್ಮೆ 'ಬೇಳೆ' ಎಂದು ಬರೆದು ನೋಡಿ.