ಸಿಗ್ನಲ್ಲಿನಲ್ಲಿ ಸಿಟ್ಟಾದ ದ್ರಾವಿಡ್

ಗ್ರೇಟರ್ ನೋಯ್ಡಾ ವೆಸ್ಟಿನ ರಸ್ತೆಗಳಲ್ಲಿ ಹೋರ್ಡಿಂಗುಗಳನ್ನು ಓದುತ್ತ ಹೋದರೆ ಒಂದನ್ನೇ ಹತ್ತು ಸಲ ಓದಿದ ಹಾಗಾಗುತ್ತದೆ. ಈಜುಕೊಳ, ಅಪ್ಪನ ಹೆಗಲೇರಿದ ಮಗು, ಯೂರೋಪಿನ ಯಾವುದೋ ಊರನ್ನು ನೆನಪಿಸುವ ಹೆಸರು. (ಈ ಪ್ರದೇಶವೇ ಬಿಲ್ಡರುಗಳ ಬಾಯಲ್ಲಿ ಮೊದಲು 'ನೋಯ್ಡಾ ಎಕ್ಸ್‌ಟೆನ್ಶನ್' ಆಗಿತ್ತು.) ಎಲ್ಲರೂ ಕೂಗುವ ಸಂತೆಯಲ್ಲಿ ತನ್ನ ಕೂಗು ಕೇಳಿಸದಿದ್ದಾಗ ಇರುವ ಸುಲಭದ ದಾರಿ, ಒಬ್ಬ ಕ್ರಿಕೆಟಿಗನನ್ನು ತಂದು ನಿಲ್ಲಿಸುವುದು.

ನೋಯ್ಡಾ, ಗ್ರೇಟರ್ ನೋಯ್ಡಾ ಎರಡೂ ಕಡೆ ಮನೆ ಕಟ್ಟುತ್ತಿದ್ದ ಆಮ್ರಪಾಲಿ ಧೋನಿಯನ್ನು ತಂದಿತ್ತು. ಮುಖ ಎದ್ದು ಕಂಡಿತು, ಹಿಂದೆ ಐಡಿಯಾ ಇರಲಿಲ್ಲ. ಧೋನಿಗೂ ಆ ಮನೆಗಳಿಗೂ ಏನು ಸಂಬಂಧ? ಅದನ್ನು ಕೊನೆಗೆ ಕಟ್ಟಿಕೊಟ್ಟವರು ನಿವಾಸಿಗಳು. 2016ರಲ್ಲಿ, ಮುಗಿಯದ ಕೆಲಸಗಳ ಸಿಟ್ಟನ್ನೆಲ್ಲ ಟ್ವಿಟರಿನಲ್ಲಿ ಧೋನಿಯ ಹೆಸರಿಗೇ ಬರೆದರು. ಅವರು ರಾಯಭಾರಿತನ ಬಿಟ್ಟರು. 2019ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಕಂಪನಿಯ ರೇರಾ ನೋಂದಣಿ ರದ್ದುಮಾಡಿ, ಬಾಕಿ ಮನೆಗಳನ್ನು ಎನ್‌ಬಿಸಿಸಿಗೆ ಒಪ್ಪಿಸಿತು.

2021ರ ಏಪ್ರಿಲಿನಲ್ಲಿ ಬಂದ ಕ್ರೆಡ್ ಜಾಹೀರಾತಿನಲ್ಲೂ ಇದ್ದದ್ದು ಕ್ರಿಕೆಟಿಗನೇ. ರಾಹುಲ್ ದ್ರಾವಿಡ್ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಕೂಗಾಡುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಲ್ಲಿ ಒಡೆಯುತ್ತಾರೆ, ತಾನು ಇಂದಿರಾನಗರದ ಗೂಂಡಾ ಎಂದು ಸಾರುತ್ತಾರೆ. ಟೆಸ್ಟಿನಲ್ಲಿ 31,258 ಎಸೆತ ಎದುರಿಸಿದ ಮನುಷ್ಯನಿಗೆ ಒಂದು ಸಿಗ್ನಲ್ಲಿನಲ್ಲಿ ತಾಳ್ಮೆ ತಪ್ಪುತ್ತದೆ. ನಗು ಇರುವುದು ಅಲ್ಲಿ. ಇದೇ ಪಾತ್ರವನ್ನು ಮೂಗಿನ ತುದಿಯಲ್ಲೇ ಕೋಪವಿರುವ ಆಟಗಾರನಿಗೆ ಕೊಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ಹದಿನಾರು ವರ್ಷಗಳನ್ನು ನಾವೇ ನೋಡಿದ್ದೇವೆ, ಜಾಹೀರಾತು ಹೊಸದಾಗಿ ಏನನ್ನೂ ನಂಬಿಸಬೇಕಿಲ್ಲ. ಇನ್ನೊಂದು ಜಾಣತನವೂ ಇದೆ. ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟಿದರೆ ಬಹುಮಾನ ಎಂಬ ಮಾತು ದ್ರಾವಿಡ್‌ಗೆ ಸಿಟ್ಟು ಬರುವಷ್ಟೇ ನಂಬಲಾಗದ್ದು ಎಂದು ಅದು ತಾನೇ ಹೇಳಿಕೊಳ್ಳುತ್ತದೆ. ನಮ್ಮ ಹೋರ್ಡಿಂಗುಗಳಿಗೆ ಈ ಧೈರ್ಯ ಯಾವ ಕಾಲಕ್ಕೂ ಬಂದದ್ದಿಲ್ಲ.

ನನ್ನ ತಕರಾರು ಒಂದೇ. ಇಂದಿರಾನಗರದ ಗೂಂಡಾ ಹಿಂದಿಯಲ್ಲಿ ಅಬ್ಬರಿಸುತ್ತಾನೆ. ದ್ರಾವಿಡ್ ಮನೆಮಾತು ಮರಾಠಿ, ಇರಲಿ. ಬೆಂಗಳೂರಿನ ಬೀದಿಯ ಜಗಳಕ್ಕೆ ಒಪ್ಪುವ ಭಾಷೆ ಬೇರೆಯಿದೆ. ಪರಿ ಚೌಕದಲ್ಲಿ ಆಟೋದವನು ಅಡ್ಡ ಬಂದರೆ ಇಷ್ಟು ವರ್ಷ ಹಿಂದಿಯಲ್ಲೇ ಸಂಸಾರ ಮಾಡಿದ ನಮಗೂ ಬಾಯಿಗೆ ಬರುವುದು ಕನ್ನಡವೇ. ಆ ಒಂದು ಸಾಲು ಕನ್ನಡದಲ್ಲಿದ್ದು, ಕೆಳಗೆ ಹಿಂದಿಯ ಸಬ್‌ಟೈಟಲ್ ಓಡಿದ್ದರೆ, ಐಪಿಎಲ್ ಕಾಲದ ಹಿಂದಿ ಜಾಹೀರಾತುಗಳ ನೂಕುನುಗ್ಗಲಿನಲ್ಲಿ ಅದು ಇನ್ನಷ್ಟು ಬೇರೆಯಾಗಿ ಕೇಳಿಸುತ್ತಿತ್ತು.