ವಾಟೋ, ವ್ಯಾಟೋ? ‘ಡಬ್ಲ್ಯು’ ತಂದಿಟ್ಟ ತೊಡಕು

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಇಪ್ಪತ್ತೈದರ ಹೆಸರುಗಳು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿಯುತ್ತವೆ. 23ನೆಯದಾದ ‘ಡಬ್ಲ್ಯು’ ಮಾತ್ರ ಹಾಗಲ್ಲ. ಹೆಸರಿನ ಅರ್ಥ ‘ಜೋಡಿ ಯು’. ಬರೆಯುವುದು ಎರಡು ‘ವಿ’ಗಳನ್ನು ಅಂಟಿಸಿದಂತೆ! ಲ್ಯಾಟಿನ್ ಲಿಪಿಯಲ್ಲಿ ಈ ಅಕ್ಷರವೇ ಇರಲಿಲ್ಲ. ಹಳೆಯ ಇಂಗ್ಲಿಷಿನ ಲಿಪಿಕಾರರು ಆ ಧ್ವನಿಗಾಗಿ ‘ಯು’ವನ್ನು ಎರಡು ಸಲ ಬರೆದರು. ನಡುವೆ ರೂನ್ ಲಿಪಿಯಿಂದ ಒಂದು ಅಕ್ಷರವನ್ನು ಎರವಲು ತಂದರು. 1066ರ ನಾರ್ಮನ್ ವಿಜಯದ ಬಳಿಕ ಜೋಡಿ ಅಕ್ಷರವೇ ಮರಳಿ ನೆಲೆಯೂರಿತು. ಆ ಕಾಲದಲ್ಲಿ ‘ಯು’ ಮತ್ತು ‘ವಿ’ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. ಹೆಸರಿಗೂ ಆಕಾರಕ್ಕೂ ತಾಳೆಯಾಗದಿರುವುದು ಅದರಿಂದಲೇ. ಫ್ರೆಂಚರು ಇದನ್ನು ‘ಜೋಡಿ ವಿ’ ಎಂದೇ ಕರೆಯುತ್ತಾರೆ.

ರೈಟ್, ಆನ್ಸರ್, ಟೂ ಮೊದಲಾದ ಪದಗಳಲ್ಲಿ ಈ ಅಕ್ಷರ ಮೌನವಾಗಿ ಕುಳಿತಿರುವುದು ನಿಮಗೆ ಗೊತ್ತೇ ಇದೆ. ಅದು ಇಂಗ್ಲಿಷಿನವರ ಕಷ್ಟ. ನನ್ನ ತಕರಾರು ನಮ್ಮ ವಿಜ್ಞಾನ ಬರವಣಿಗೆಯ ಬಗ್ಗೆ.

ಮೊದಲು ಉಚ್ಚಾರವನ್ನೇ ತೆಗೆದುಕೊಳ್ಳಿ. ಜೇಮ್ಸ್ ವಾಟ್ (1736–1819) ಅವರ ಹೆಸರನ್ನು ಸಾಮರ್ಥ್ಯದ ಏಕಮಾನಕ್ಕೆ ಇಡಬೇಕೆಂದು 1882ರಲ್ಲಿ ಸೂಚಿಸಿದವರು ವಿಲಿಯಂ ಸೀಮೆನ್ಸ್. ಆ ಏಕಮಾನ ನಮ್ಮಲ್ಲಿ ಬಹುಮಟ್ಟಿಗೆ ‘ವ್ಯಾಟ್’ ಆಗಿದೆ. ಇಂಗ್ಲಿಷಿನಲ್ಲಿ ‘ಡಬ್ಲ್ಯು’ವಿನ ಹಿಂದೆ ಬರುವ ‘ಎ’ ಸಾಮಾನ್ಯವಾಗಿ ‘ಆ’ ಅಥವಾ ‘ಆ’-‘ಒ’ಗಳ ನಡುವಿನ ಧ್ವನಿಗೆ ತಿರುಗುತ್ತದೆ. ಅದಕ್ಕೇ ನಾವು ವಾಚ್, ವಾಟರ್, ವಾಷಿಂಗ್ ಎನ್ನುತ್ತೇವೆ. ಯಾರೂ ‘ವ್ಯಾಚ್’ ಕಟ್ಟಿಕೊಳ್ಳುವುದಿಲ್ಲ! ‘ವ್ಯಾಟ್’ ಮಾತ್ರ ಹೇಗೋ ತಪ್ಪಿಸಿಕೊಂಡು ಬಂದಿದೆ. 2005ರಲ್ಲಿ ಕರ್ನಾಟಕಕ್ಕೆ ಮೌಲ್ಯವರ್ಧಿತ ತೆರಿಗೆ ಬಂದಾಗ ಅದೂ ‘ವ್ಯಾಟ್’ ಆಯಿತು. ಕನ್ನಡದ ‘ವ’ ಇಂಗ್ಲಿಷಿನ ‘ವಿ’ಗೂ ‘ಡಬ್ಲ್ಯು’ವಿಗೂ ಒಂದೇ ಆದ್ದರಿಂದ ಬಲ್ಬಿನ ವ್ಯಾಟೂ ಅಂಗಡಿ ಬಿಲ್ಲಿನ ವ್ಯಾಟೂ ಕಾಗುಣಿತದಲ್ಲಿ ಒಂದಾದವು. ‘ವಾಟ್’ ಎಂದು ಬರೆದಿದ್ದರೆ ಈ ಪೇಚು ಇರುತ್ತಿರಲಿಲ್ಲ.

ಇನ್ನು ಸಂಕೇತಗಳು. ಭೌತವಿಜ್ಞಾನದಲ್ಲಿ ಈ ಒಂದು ಅಕ್ಷರ ಹೊತ್ತಿರುವ ಹೊರೆ ಕಡಿಮೆಯೇನಲ್ಲ. ಅದು ವಾಟ್‌ನ ಸಂಕೇತ. ಕೆಲಸದ ಸಂಕೇತವೂ ಹೌದು. ‘ವುಲ್ಫ್ರಮ್’ ಎಂಬ ಹೆಸರಿನಿಂದಾಗಿ ಟಂಗ್‌ಸ್ಟನ್ ಧಾತುವಿನದೂ ಅದೇ. 60 ಡಬ್ಲ್ಯು ಎಂದು ಅಚ್ಚಾದ ಹಳೆಯ ಬಲ್ಬಿನ ಒಳಗೆ ಬೆಳಗುತ್ತಿದ್ದ ತಂತುವೂ ಡಬ್ಲ್ಯು! ಕೆಲಸವನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ. ಅಂದರೆ ಡಬ್ಲ್ಯುವನ್ನು ಭಾಗಿಸಿ ಬಂದ ಉತ್ತರದ ಮುಂದೆ ಮತ್ತೆ ಡಬ್ಲ್ಯು ಬರೆಯಬೇಕು. ಮುದ್ರಣದಲ್ಲಿ ಪರಿಮಾಣಕ್ಕೆ ಓರೆ ಅಕ್ಷರ, ಏಕಮಾನಕ್ಕೆ ನೇರ ಅಕ್ಷರ ಎಂಬ ನಿಯಮವಿದೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಹಿಡಿದವರ ಕೈಬರಹದಲ್ಲಿ (ನನ್ನದೂ ಸೇರಿ) ಅದು ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ‘ಎಂ.ಡಬ್ಲ್ಯು.’ ಎಂದು ಕನ್ನಡದಲ್ಲಿ ಬರೆಯುವುದು. ರೋಮನ್ ಲಿಪಿಯಲ್ಲಿ ದೊಡ್ಡ ‘ಎಂ’ ಮೆಗಾ, ಸಣ್ಣ ‘ಎಂ’ ಮಿಲಿ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1035 ಮೆಗಾವಾಟ್. ಲೇಸರ್ ಪಾಯಿಂಟರಿನದು ಕೆಲವೇ ಮಿಲಿವಾಟ್. ಎರಡಕ್ಕೂ ‘ಎಂ.ಡಬ್ಲ್ಯು.’ ಎಂದರೆ ಓದುಗ ಏನೆಂದು ತಿಳಿಯಬೇಕು? ಏಕಮಾನದಲ್ಲಿ ಆಗುವ ಅಂತರ ನೂರು ಕೋಟಿ ಪಟ್ಟು! ‘ಮೆ.ವಾ.’, ‘ಮಿ.ವಾ.’ ಎಂದು ಬರೆದರೆ ಗೊಂದಲವೇ ಇಲ್ಲ. ಕಿ.ಮೀ., ಮಿ.ಮೀ. ಎಂದು ನಾವು ಬಹುಕಾಲದಿಂದ ಬರೆಯುತ್ತಲೇ ಇದ್ದೇವಲ್ಲ?

ಅಂತರರಾಷ್ಟ್ರೀಯ ಸಂಕೇತಗಳನ್ನು ಬದಲಾಯಿಸಬಾರದು ಎಂಬ ಆಕ್ಷೇಪ ಬರಬಹುದು. ಒಪ್ಪುತ್ತೇನೆ. ಸಮೀಕರಣಗಳಲ್ಲಿ, ಕೋಷ್ಟಕಗಳಲ್ಲಿ ರೋಮನ್ ಸಂಕೇತವೇ ಇರಲಿ. ಆದರೆ ಅಕ್ಷರದ ಹೆಸರನ್ನು ಕನ್ನಡದಲ್ಲಿ ಕಾಗುಣಿತ ಮಾಡಿ ಬರೆದದ್ದು ಅಂತರರಾಷ್ಟ್ರೀಯ ಸಂಕೇತವೂ ಅಲ್ಲ, ಕನ್ನಡವೂ ಅಲ್ಲ.

ನಿಮ್ಮ ಮನೆಯ ವಿದ್ಯುತ್ ಬಿಲ್ಲಿನ ‘ಯೂನಿಟ್’ ಎಂದರೆ ಕಿಲೋವಾಟ್-ಗಂಟೆ, ಅಂದರೆ 36 ಲಕ್ಷ ಜೂಲ್. ಪ್ರಾಯೋಗಿಕ ಪರೀಕ್ಷೆಯ ಮೌಖಿಕ ಪ್ರಶ್ನೆಗಳಲ್ಲಿ ಇದನ್ನು ಕೇಳಿದಾಗ ‘ಗಂಟೆಗೆ ಒಂದು ಕಿಲೋವಾಟ್’ ಎಂಬ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ‘ಕೆ.ಡಬ್ಲ್ಯು.ಎಚ್.’ ಎಂದು ಗಿಣಿಪಾಠ ಒಪ್ಪಿಸುವಾಗ ಅಲ್ಲಿ ಗುಣಾಕಾರವಿದೆಯೋ ಭಾಗಾಕಾರವಿದೆಯೋ ಹೊಳೆಯುವುದೇ ಇಲ್ಲ. ‘ಕಿಲೋವಾಟ್-ಗಂಟೆ’ ಎಂದು ಬಾಯ್ತುಂಬ ಹೇಳಿಸಿ ನೋಡಿ, ತಪ್ಪು ಕಡಿಮೆಯಾಗುತ್ತದೆ.

ಸಂಕ್ಷೇಪದಿಂದ ಮಾತು ಚಿಕ್ಕದಾಗುತ್ತದೆ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ‘ವರ್ಲ್ಡ್ ವೈಡ್ ವೆಬ್’ ಇಂಗ್ಲಿಷರ ಬಾಯಲ್ಲಿ ಮೂರು ಉಚ್ಚಾರಾಂಶಗಳಲ್ಲಿ ಮುಗಿಯುತ್ತದೆ. ಅದರ ಸಂಕ್ಷೇಪಕ್ಕೆ ಒಂಬತ್ತು ಬೇಕು! ಕನ್ನಡದ ನಾಲಿಗೆಯಲ್ಲಿ ‘ಡಬ್ಲ್ಯು ಡಬ್ಲ್ಯು ಡಬ್ಲ್ಯು’ ಆರು ಅಕ್ಷರ. ‘ವಿಶ್ವವ್ಯಾಪಿ ಜಾಲ’ವೂ ಆರೇ. ಬರೀ ‘ಜಾಲ’ ಎಂದರೆ ಎರಡು.